ಬೀಗ ಹಾಕಿದ ಮಳಿಗೆಯ ಬಾಡಿಗೆ

ಹುಲಿಗೆಮ್ಮನಿಗೆ ಬಸ್ ಓಡಿಸುವ ಕೆಲಸ ಸಿಕ್ಕಿತು! ಅಂಚೆಯವನು ಕೊಟ್ಟ ಕಾಗದ ಹಿಡಿದುಕೊಂಡೇ ಅವಳು ತನ್ನ ಮಳಿಗೆಯ ಮಾಲೀಕ ಪಂಪಣ್ಣನ ಮನೆಗೆ ಓಡೋಡಿ ಬಂದಳು. ಕೈಗೆ ಮೆತ್ತಿದ್ದ ಗ್ರೀಸನ್ನೂ ತೊಳೆದುಕೊಂಡಿರಲಿಲ್ಲ.

“ಪಂಪಣ್ಣಾರ, ನಾನು ಪಾಸಾದೆ ರೀ! ಇನ್ನ ಹತ್ತು ದಿನಕ್ಕ ಹುಬ್ಬಳ್ಳಿಗೆ ಟ್ರೇನಿಂಗಿಗೆ ಹೋಗಬೇಕು!”

ಕೊಪ್ಪಳ ಸೀಮೆಯ ಆ ಪುಟ್ಟ ಊರಿನಲ್ಲಿ ಸೈಕಲ್ ರಿಪೇರಿ ಮಾಡುವ ಹೆಂಗಸು ಅವಳೊಬ್ಬಳೇ. ಪೇಟೆ ಬೀದಿಯಲ್ಲಿದ್ದ ಪಂಪಣ್ಣನ ಮಳಿಗೆಯನ್ನು ಮುಂಗಡ ಕೊಟ್ಟು, ಎರಡು ವರ್ಷಕ್ಕೆ ಕರಾರು ಮಾಡಿ ಹಿಡಿದಿದ್ದಳು. ಅದರಲ್ಲಿ ಹತ್ತು ತಿಂಗಳಷ್ಟೇ ಕಳೆದಿತ್ತು.

ಪಂಪಣ್ಣನಿಗೂ ಖುಷಿಯಾಯಿತು. ಹೆಂಡತಿ ಗಿರಿಜವ್ವನನ್ನು ಕೂಗಿ ಬೆಲ್ಲ ತರಿಸಿದ. ಹುಲಿಗೆಮ್ಮ ನಗುನಗುತ್ತಾ ಬೆಲ್ಲ ತಿನ್ನುತ್ತಿರುವಾಗಲೇ ಅವನಿಗೆ ಮಳಿಗೆಯ ನೆನಪಾಯಿತು.

“ಬಾಳ ಚಲೋ ಆತವ್ವಾ. ಆದ್ರ ಕರಾರು ಎರಡು ವರ್ಷದ್ದೈತಿ. ಉಳಿದ ಹದಿನಾಲ್ಕು ತಿಂಗಳ ಬಾಡಿಗೀನೂ ನೀನೇ ಕೊಡಬೇಕು.”

“ಬ್ಯಾರೆಯವರಿಗೆ ಕೊಡ್ರೀ ಅಣ್ಣಾರ. ಇವತ್ತೇ ಖಾಲಿ ಮಾಡ್ತೀನಿ.”

“ಬ್ಯಾರೆಯವರನ್ನ ನಾನ್ಯಾಕ ಹುಡುಕಲಿ? ಮಾತು ಮುರಿದಾಕಿ ನೀನು!”

ಹುಲಿಗೆಮ್ಮ ತಲೆ ತಗ್ಗಿಸಿದಳು. ಮಾತು ಕೊಟ್ಟಿದ್ದಂತೂ ನಿಜ. ಅಂದೇ ಸಾಮಾನು ತೆಗೆದು, ನೆಲ ಗುಡಿಸಿ, ಕೀಲಿಕೈ ಕೊಟ್ಟು ಹೋದಳು. ಪಂಪಣ್ಣ ಮಳಿಗೆಗೆ ಬೀಗ ಜಡಿದ. ಇನ್ನು ಸುತ್ತಿಗೆಯ ಸದ್ದಿಲ್ಲ, ಗೋಡೆಗೆ ಗ್ರೀಸಿನ ಕಲೆಯಿಲ್ಲ, ಕುಳಿತಲ್ಲಿಗೇ ಬಾಡಿಗೆ ಬರುತ್ತದೆ ಎಂದುಕೊಂಡ. ಬಾಡಿಗೆ ಕಟ್ಟಬೇಕೆಂದು ಅವಳಿಗೆ ನೋಟಿಸು ಬರೆಸೋಣವೆಂದು ಮರುದಿನ ಬೆಳಿಗ್ಗೆ, ಊರವರ ಕಾಗದಪತ್ರ ಬರೆದುಕೊಡುವ ಮೌಲಾಸಾಬರ ಹತ್ತಿರ ಹೋದ. ಆ ಕರಾರನ್ನು ಬರೆದುಕೊಟ್ಟವರೂ ಅವರೇ.

ಮೌಲಾಸಾಬರು ಕನ್ನಡಕ ಏರಿಸಿ ಕೇಳಿದರು: “ಮಳಿಗೆ ಬಾಡಿಗೆಗೆ ಐತಿ ಅಂತ ಬೋರ್ಡ್ ಹಾಕೀಯೇನು?”

“ಇಲ್ಲ.”

“ನಾಕು ಮಂದಿಗಾದ್ರೂ ಹೇಳೀಯೇನು?”

“ಇಲ್ಲ.”

“ಹಂಗಾರ ನಾ ಏನಂತ ಬರೀಲಿ? ಆಕಿ ನಡುವ ಬಿಟ್ಟಿದ್ದಕ್ಕ ಆದ ನಷ್ಟ ಆಕಿ ಕಟ್ಟಲಿ. ನೀನಾಗೇ ಬೀಗ ಹಾಕಿ ಮಾಡಿಕೊಂಡ ನಷ್ಟ ಆಕಿ ತಲೀ ಮ್ಯಾಲೆ ಯಾಕ? ಮೊದಲ ಹುಡುಕು. ಸಿಗದಿದ್ರ ಬಾ, ಬರದು ಕೊಡ್ತೀನಿ.”

ಯಾರೂ ಬರುವುದಿಲ್ಲವೆಂದು ತೋರಿಸಿಯೇ ಬಿಡುತ್ತೇನೆಂದು ಪಂಪಣ್ಣ ಬೋರ್ಡ್ ತೂಗುಹಾಕಿದ. ಅಂದು ಸಂತೆ; ಅಂದೇ ಮೊಟ್ಟೆ ವ್ಯಾಪಾರಿಯೊಬ್ಬ ಬಂದ. ವಾಸನೆ ಬರುತ್ತದೆಂದು ಪಂಪಣ್ಣ ಅವನನ್ನು ಕಳಿಸಿಬಿಟ್ಟ. ಜೆರಾಕ್ಸ್ ಅಂಗಡಿ ಇಡುವವನೊಬ್ಬ ಬಂದಾಗ ಬಾಡಿಗೆಯನ್ನು ದುಪ್ಪಟ್ಟು ಹೇಳಿದ. ಅವನು ತಿರುಗಿಯೂ ನೋಡಲಿಲ್ಲ. ಹೀಗೇ ಒಂದು ವಾರ ಉರುಳಿತು.

“ನೋಡಿದಿ? ಒಬ್ಬರೂ ಸಿಗಲಿಲ್ಲ,” ಎಂದ ಹೆಂಡತಿಯ ಮುಂದೆ.

ಗಿರಿಜವ್ವ ಸೊಪ್ಪು ಸೋಸುತ್ತಿದ್ದವಳು ತಲೆಯೆತ್ತಿದಳು. “ಬಂದವರನ್ನೆಲ್ಲಾ ಓಡಿಸಿ ಯಾರೂ ಸಿಗಲಿಲ್ಲ ಅಂತೀರಿ. ಇದು ಹುಡುಕಿದಂಗೇನು? ಬೆಲ್ಲ ತಿಂದು ನಕ್ಕಾಕಿ ಅಳ್ಕೊಂತ ಬಸ್ ಹತ್ತಬೇಕೇನು?”

ಪಂಪಣ್ಣನಿಗೆ ಆ ಮಾತು ನಾಟಿತು. ಎರಡು ದಿನ ಊಟ ರುಚಿಸಲಿಲ್ಲ. ಹತ್ತನೆಯ ದಿನ ಬೆಳಗಾಗುತ್ತಲೇ ಹೋಗಿ ಶಟರ್ ಎತ್ತಿದ. ಕಸಬರಿಗೆ ಹಿಡಿದು ತಾನೇ ಗುಡಿಸಿದ. ಬೀದಿಯಲ್ಲಿ ಹೋಗುವವರಿಗೆಲ್ಲ, “ಮಳಿಗೆ ಐತ್ರೀ! ಹಳೇ ಬಾಡಿಗೀನೇ!” ಎಂದು ಕೂಗಿ ಹೇಳಿದ.

ಮಿರ್ಚಿ ಬಜ್ಜಿ ಅಂಗಡಿಗೆ ಜಾಗ ಹುಡುಕುತ್ತಿದ್ದ ಅತ್ತೆ ಸೊಸೆಯರಿಬ್ಬರು ನಿಂತರು. ಒಳಗೆ ಬಂದವರೇ ಶುರು ಹಚ್ಚಿಕೊಂಡರು.

“ಒಲಿ ಇಲ್ಲೇ ಇಡೋಣ. ಮಿರ್ಚಿ ಘಮ ಬೀದಿಗೆ ಹೋಗಬೇಕು!” ಎಂದಳು ಅತ್ತೆ.

“ಮೊದಲ ಬಾಡಿಗಿ ಕೇಳ್ರೀ ಅತ್ತಿ!” ಎಂದಳು ಸೊಸೆ.

“ಒಲಿ ಆ ಮೂಲಿಗೆ ಇಡ್ರಿ! ಗಾಳಿ ಈ ಕಡಿಂದ ಬೀಸ್ತದ!” ಎನ್ನುತ್ತಾ ಪಂಪಣ್ಣನೇ ಬೆಂಚು ಎಳೆದು ಜಾಗ ತೋರಿಸಿದ. ಅವರ ಹುರುಪು ಅವನಿಗೂ ಹತ್ತಿತ್ತು! ಮಾತು ಮುಗಿದು ಅವರು ಮುಂಗಡ ಕೊಟ್ಟಾಗ ಗಡಿಯಾರ ನೋಡಿದ. ಹತ್ತಕ್ಕೆ ಐದು ನಿಮಿಷ. ಹುಲಿಗೆಮ್ಮ ಹೊರಡುವ ಹುಬ್ಬಳ್ಳಿ ಬಸ್ಸು ಹತ್ತಕ್ಕೇ!

ಪಂಪಣ್ಣ ಧೋತರ ಎತ್ತಿ ಕಟ್ಟಿ ಓಡಿದ. ಅರವತ್ತು ದಾಟಿದ ಮನುಷ್ಯ ಪೇಟೆ ಬೀದಿಯಲ್ಲಿ ಹಾಗೆ ಓಡಿದ್ದನ್ನು ಜನ ಕಂಡಿರಲಿಲ್ಲ. ಬಸ್ಸು ನಿಲ್ದಾಣ ಬಿಟ್ಟು ಹೊರಳುತ್ತಿತ್ತು.

“ನಿಲ್ಲಸ್ರೀ! ನಿಲ್ಲಸ್ರೀ!”

ಕಂಡಕ್ಟರ್ ಸೀಟಿ ಊದಿದ. ಕಿಟಕಿಯಲ್ಲಿದ್ದ ಹುಲಿಗೆಮ್ಮ ಅವನನ್ನು ಕಂಡು ಗಾಬರಿಯಾದಳು. “ತಿಂಗಳಾ ತಿಂಗಳಾ ಕಳಸ್ತೀನ್ರೀ ಅಣ್ಣಾರ, ತಪ್ಪಿಸಿಕೊಂಡು ಹೋಗಾಕಿ ಅಲ್ಲ ನಾನು.”

“ಕಳಸಬ್ಯಾಡವ್ವಾ!” ಪಂಪಣ್ಣ ಏದುಸಿರು ಬಿಡುತ್ತಾ ಹೇಳಿದ. “ಮಳಿಗೆಗೆ ಮಂದಿ ಸಿಕ್ಕರು! ಬೋರ್ಡ್ ಹಾಕೂ ಮಟ ಖಾಲಿ ಇದ್ದದ್ದಷ್ಟೇ ನಿಂದು. ಅದನ್ನ ನಿನ್ನ ಮುಂಗಡದಾಗ ಹಿಡಕೊಂಡು ಉಳಿದದ್ದು ಕಳಿಸಿಕೊಡ್ತೀನಿ. ಬೋರ್ಡ್ ಹಾಕಿದ ದಿನಾನೇ ಸಿಗತಿದ್ರು, ನಾನೇ ಓಡಿಸಿದೆ. ತಪ್ಪು ನಂದು.”

ಹುಲಿಗೆಮ್ಮ ಕಿಟಕಿಯಿಂದಲೇ ಎರಡೂ ಕೈ ಮುಗಿದಳು. ಆಮೇಲೆ ಬಸ್ಸಿನೊಳಗಿನವರ ಕಡೆ ತಿರುಗಿ, ಇಷ್ಟು ದಿನ ಒಳಗೇ ಅದುಮಿಟ್ಟುಕೊಂಡಿದ್ದ ಖುಷಿಯನ್ನು ಕೂಗಿಯೇ ಹೇಳಿದಳು: “ನಾನು ಬಸ್ ಡ್ರೈವರ್ ಆಗಾಕ ಹೊಂಟೀನ್ರೀ!”

ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು. ಸ್ಟೀರಿಂಗ್ ಮುಂದಿದ್ದ ಡ್ರೈವರ್ ಹಿಂದಕ್ಕೆ ಹೊರಳಿ ಗದರಿದ: “ಹಂಗಾರ ಹಿಂದ ಯಾಕ ಕುಂತೀಯವ್ವಾ? ಮುಂದ ಬಾ, ರಸ್ತಿ ನೋಡ್ಕೊಂತ ಹೋಗೋಣು!”

ನೀತಿ: ಕರಾರನ್ನು ನಡುವೆ ಬಿಡಬೇಕಾಗಿ ಬಂದವರು ಅದರಿಂದಾದ ನಷ್ಟವನ್ನು ತುಂಬಿಕೊಡಬೇಕು. ಆ ನಷ್ಟ ಬೆಳೆಯದಂತೆ ಮನಸ್ಸಿಟ್ಟು ಪ್ರಯತ್ನಿಸುವುದು ಎದುರಿನವರ ಕರ್ತವ್ಯ. ನಾವೇ ಬೀಗ ಹಾಕಿಕೊಂಡು ಕುಳಿತು, ಅದರ ಬಾಡಿಗೆಯನ್ನು ಇನ್ನೊಬ್ಬರಿಂದ ಕೇಳುವುದು ನ್ಯಾಯವಲ್ಲ.