ಸೂಜಿಕೊಕ್ಕಿಯ ಹಣೆಯ ಹಳದಿ

ಏಳು ಕಡಲಿನಾಚೆ ಒಂದು ನಾಡಿತ್ತಂತೆ ಮಕ್ಕಳೇ. ಅಲ್ಲಿಯ ಮರಗಳು ಎಲೆ ಉಳಿಸಿಕೊಂಡು ತೊಗಟೆ ಉದುರಿಸುತ್ತಿದ್ದವಂತೆ. ಆ ನಾಡಿಗೆ ಜಿಗಿರಾಯ ಎಂಬ ಕಾಂಗರೂ ರಾಜ.

ಅವನ ಗುಡ್ಡದ ತುಂಬ ಗ್ರೆವಿಲಿಯಾ ಪೊದೆಗಳು. ಬಾಚಣಿಗೆಯ ಹಲ್ಲಿನಂತೆ ಸಾಲುಸಾಲು ಕೆಂಪು ಹೂ. ಹೂವಿನ ಬುಡದಲ್ಲಿ ಜೇನು, ಹೂವಿನಿಂದ ಹೊರಚಾಚಿ ಬಾಗಿದ ಕಡ್ಡಿಯ ತುದಿಯಲ್ಲಿ ಹಳದಿ ಪುಡಿ. ಆ ಬೇಸಿಗೆಯ ಕಾಳ್ಗಿಚ್ಚಿಗೆ ಅರ್ಧ ಗುಡ್ಡ ಸುಟ್ಟು ಬೋಳಾಗಿತ್ತು. ಮತ್ತೆ ಹಸಿರಾಗಲು ಬೀಜ ಬೇಕು. ಅದಕ್ಕೇ ರಾಜ ಡಂಗುರ ಸಾರಿಸಿದ್ದ: "ಜೇನು ಎಲ್ಲರೂ ಕುಡೀರಿ. ಹೂ ಕಿತ್ತವರಿಗೆ ಗಡೀಪಾರು!"

ಅಲ್ಲೊಂದು ಪೊದೆಯಲ್ಲಿ ಸೂಜಿಕೊಕ್ಕಿ ಎಂಬ ಪುಟ್ಟ ಜೇನುಹಕ್ಕಿ ಗೂಡು ಕಟ್ಟಿದ್ದಳು. ಗೂಡಿನಲ್ಲಿ ರೆಕ್ಕೆ ಬಲಿಯದ ಎರಡು ಮರಿ.

ಒಂದು ಬೆಳಗ್ಗೆ ಒಂದು ಪೊದೆಯ ಹೂವೆಲ್ಲ ನೆಲದ ಮೇಲೆ. ಮರುದಿನ ಎರಡು ಪೊದೆಯದು. ಮೂರನೆಯ ದಿನ ಮೂರು ಪೊದೆಯದು.

ಜಿಗಿರಾಯ ಸಭೆ ಕರೆದ. ಕಳ್ಳರನ್ನು ಹಿಡಿಯುವುದರಲ್ಲಿ ಅವನಿಗೆ ಬಲು ಹೆಮ್ಮೆ. "ಹಣ್ಣು ಕದ್ದವನ ಬಾಯಲ್ಲಿ ರಸ ಇತ್ತು, ಹಿಡಿದೆ. ಮೊಟ್ಟೆ ಕದ್ದವನ ಮೂತಿಯಲ್ಲಿ ಲೋಳೆ ಇತ್ತು, ಹಿಡಿದೆ. ಹೂ ಕಿತ್ತವರ ಮೈಮೇಲೂ ಗುರುತು ಇದ್ದೇ ಇರುತ್ತೆ. ಸಾಲಾಗಿ ನಿಲ್ಲಿ!"

ಬಣ್ಣಪ್ಪ ಎಂಬ ಗಿಳಿ ಎಲ್ಲರಿಗಿಂತ ಮುಂದೆ ಬಂದು ನಿಂತ. "ನೋಡಿ ಮಹಾಸ್ವಾಮಿ, ನನ್ನ ಹಣೆ ತೊಳೆದಿಟ್ಟ ತಟ್ಟೆ. ಆ ಸೂಜಿಕೊಕ್ಕಿಯ ಹಣೆ ನೋಡಿ! ಮದುವೆ ಮನೆಯಿಂದ ಬಂದವಳ ಹಾಗೆ ಹಳದಿ ಬಳಕೊಂಡಿದ್ದಾಳೆ."

ಸಭೆ ಗೊಳ್ಳೆಂದು ನಕ್ಕಿತು.

"ಜೇನು ಕುಡಿಯೋಕೆ ಬಗ್ಗಿದರೆ ಹೂವೇ ಹಚ್ಚುತ್ತೆ ದೊರೆ. ನಾನು ಕೀಳಲಿಲ್ಲ," ಎಂದಳು ಸೂಜಿಕೊಕ್ಕಿ.

"ಎಲ್ಲ ಕಳ್ಳರೂ ಹೀಗೇ ಹೇಳೋದು. ನಾಳೆ ನಾಡು ಬಿಡು!" ಎಂದ ಜಿಗಿರಾಯ.

ಮರಿಗಳನ್ನು ನೆನೆದು ಸೂಜಿಕೊಕ್ಕಿ ಗೂಡಿನ ಕಡೆ ನೋಡಿದಳು. ಆಗ ಬಣ್ಣಪ್ಪ ಪಕ್ಕದಲ್ಲೇ ಹಾದುಹೋದ. ಬಾಯೆಲ್ಲ ಜೇನಿನ ವಾಸನೆ! ಬಾಯಲ್ಲಿ ಜೇನು, ಹಣೆ ಮಾತ್ರ ಚೊಕ್ಕ. 'ಹಾಗಾದರೆ ಇವನು ಕುಡಿಯುವ ದಾರಿಯೇ ಬೇರೆ,' ಅಂದುಕೊಂಡಳು.

ತಲೆ ತಗ್ಗಿಸಿ ಹೇಳಿದಳು: "ಆಗಲಿ ದೊರೆ. ಮರಿಗಳಿಗೆ ರೆಕ್ಕೆ ಬರೋವರೆಗೆ, ಎರಡು ಹುಣ್ಣಿಮೆ ತಾಳಿ. ಈಚೆ ದಿಣ್ಣೆಯ ಮೂರು ಪೊದೆ ನನಗಿರಲಿ. ಆಚೆ ದಿಣ್ಣೆಯ ಮುನ್ನೂರು ಪೊದೆಗೆ ಚೊಕ್ಕ ಹಣೆಯ ಬಣ್ಣಪ್ಪನವರೇ ಕಾವಲಿರಲಿ. ಆಮೇಲೆ ಎರಡೂ ಕಡೆ ನೋಡಿ ತೀರ್ಪು ಕೊಡಿ."

"ಅಯ್ಯೋ, ಅದಕ್ಕೇನಂತೆ!" ಎಂದು ಬಣ್ಣಪ್ಪ ಕುಣಿದೇಬಿಟ್ಟ. ರಾಜನೂ ಒಪ್ಪಿದ.

ಇರುವೆ ತಿಂದು ಬದುಕುವ, ಮುಳ್ಳುಹಂದಿಯಂತೆ ಮೈತುಂಬ ಮುಳ್ಳಿದ್ದ ಮುದುಕಿ ಮುಳ್ಳಜ್ಜಿ ಮುಂದೆ ಬಂದಳು. "ನಡುವೆ ನಾನು ಕೂತಿರ್ತೀನಿ. ಅತ್ತಲಿಂದ ಇತ್ತ ಒಂದು ಇರುವೆ ದಾಟಿದರೂ ನುಂಗಿಬಿಡ್ತೀನಿ."

ಸೂಜಿಕೊಕ್ಕಿ ಒಂದು ಪೊದೆಗೆ ಹಾರಿದಳು, ಎರಡನೆಯದಕ್ಕೆ ಹಾರಿದಳು, ಮೂರನೆಯದಕ್ಕೆ ಹಾರಿದಳು. ಬಗ್ಗಿದಾಗೆಲ್ಲ ಹಣೆಗೆ ಹಳದಿ. ಆಚೆ ದಿಣ್ಣೆಯಲ್ಲಿ ಬಣ್ಣಪ್ಪ ಹೂವಿನ ಬುಡಕ್ಕೆ ಕಚಕ್ಕೆಂದು ಕಚ್ಚುವುದು, ಜೇನು ಹೀರುವುದು, ಹೂ ಬಿಸಾಡುವುದು.

ಎರಡು ಹುಣ್ಣಿಮೆ ಕಳೆಯಿತು. ಸಭೆಯವರನ್ನೆಲ್ಲ ಕರೆದುಕೊಂಡು ರಾಜ ಜಿಗಿಯುತ್ತ ಬಂದ. ಸೂಜಿಕೊಕ್ಕಿಯ ಮೂರು ಪೊದೆಯಲ್ಲಿ ಗೊಂಚಲು ಗೊಂಚಲು ಕಾಯಿ. ಬಣ್ಣಪ್ಪನ ಮುನ್ನೂರು ಪೊದೆಯಲ್ಲಿ ಒಂದೇ ಒಂದು ಕಾಯಿಯೂ ಇಲ್ಲ. ಕೆಳಗೆ ಮೊಣಕಾಲುದ್ದ ಒಣಗಿದ ಹೂ.

"ಇತ್ತ ಅವಳು ಸುಳಿಯಲಿಲ್ಲ. ಮತ್ತೆ ಇದನ್ನು ಕಿತ್ತವರು ಯಾರು?" ಎಂದ ರಾಜ.

"ಗಾ... ಗಾಳಿ, ಮಹಾಸ್ವಾಮಿ!"

ಮುಳ್ಳಜ್ಜಿ ಒಂದು ಹೂ ಎತ್ತಿ ತೋರಿಸಿದಳು. ಬುಡದಲ್ಲಿ ಕಚ್ಚಿದ ಗುರುತು. "ಗಾಳಿಗೆ ಕೊಂಕು ಕೊಕ್ಕು ಯಾವಾಗ ಬಂತೋ ಮಗನೇ?"

ಈ ಸಲ ಸಭೆ ಬಿದ್ದು ಬಿದ್ದು ನಕ್ಕಿತು. ಸೂಜಿಕೊಕ್ಕಿ ಹೇಳಿದಳು: "ಈ ಪೊದೆಯ ಪುಡಿ ಆ ಪೊದೆಯ ಹೂವಿಗೆ ಮುಟ್ಟಿದರೇ ಕಾಯಿ, ದೊರೆ. ಆ ಪುಡಿ ಹೊರೋ ಬುಟ್ಟಿ ನನ್ನ ಹಣೆ."

ರಾಜನ ಕಿವಿ ಜೋತುಬಿತ್ತು. "ಗುರುತು ನೋಡಿದೆ. ಯಾತರ ಗುರುತು ಅಂತ ಕೇಳಲಿಲ್ಲ. ತಪ್ಪಾಯ್ತು ತಾಯಿ. ಈ ಗಿಳೀನ ಈಗಲೇ ಗಡೀಪಾರು ಮಾಡ್ತೀನಿ."

"ಬೇಡ ದೊರೆ, ಸುಟ್ಟ ಗುಡ್ಡಕ್ಕೆ ಬೀಜ ಹೊರೋಕೆ ಆಳು ಬೇಕಲ್ಲ!" ಎಂದಳು ಸೂಜಿಕೊಕ್ಕಿ.

ಅಂದಿನಿಂದ ಬಣ್ಣಪ್ಪ ಬೀಜ ಹೊತ್ತ, ಬೂದಿ ಕೆದಕಿದ, ಬಿತ್ತಿದ. ಕೆಂಪು, ಹಸಿರು, ನೀಲಿ ಎಲ್ಲ ಹೋಗಿ ಕೊಕ್ಕಿನಿಂದ ಬಾಲದವರೆಗೆ ಬರೀ ಮಸಿ. ಸೂಜಿಕೊಕ್ಕಿಯ ಮರಿಗಳು ಹಾರಿಬಂದು ಕೇಳಿದವು, "ಇದೇನು ಮಾವಾ, ಎಲ್ಲಿ ಬಿದ್ದಿರಿ?"

"ಬಿದ್ದಿಲ್ಲ ಕಣ್ರೋ, ಕೆಲಸ ಮಾಡ್ತಿದ್ದೀನಿ!" ಎಂದ ಬಣ್ಣಪ್ಪ, ಮೊದಲ ಸಲ ನಿಜ ಹೇಳಿ. ಮಳೆ ಬಂತು. ಬೋಳು ಗುಡ್ಡದ ತುಂಬ ಮೊಳಕೆ.

ದುಡಿಯುವವರ ಮೈಗೆ ಕಲೆ ಅಂಟುತ್ತದೆ ಮಕ್ಕಳೇ. ಕಲೆ ಕಂಡ ಕೂಡಲೇ ಕಳ್ಳ ಅನ್ನಬೇಡಿ. ಏನೂ ಅಂಟಿಸಿಕೊಳ್ಳದೆ ಹೊಟ್ಟೆ ತುಂಬಿಸಿಕೊಂಡವನನ್ನೂ ಒಂದು ಮಾತು ಕೇಳಿ.