ನೀರು ಮೈಮುರಿದ ಹೊತ್ತು

"ನಮ್ಮ ಕೆರೆಯಲ್ಲಿ ಅದಕ್ಕೊಂದು ಮಾತಿತ್ತು... ಮಿಸು... ಮಿಸುಕು... ಅಲ್ಲ, ಛೆ!" ಎಂದು ಆಮೆಯಜ್ಜಿ ತಡವರಿಸಿದಳು.

ಬಾವಿಯ ಮೆಟ್ಟಿಲಲ್ಲಿ ಮುಂಜಾನೆಯ ಕಥೆಕೂಟ ಸೇರಿತ್ತು. ದೂರದ ಆ ಕೆರೆಯನ್ನು ಕಂಡವರು ಅಲ್ಲಿ ಬೇರಾರೂ ಇರಲಿಲ್ಲ. ಅವಳು ಹೇಳದಿದ್ದರೆ ಕೆರೆ ಅವಳೊಂದಿಗೇ ಮುಗಿದುಹೋಗುತ್ತಿತ್ತು. ಹೇಳುವವರು ಮುಗಿಸುವ ತನಕ ಯಾರೂ ಬಾಯಿ ಹಾಕಬಾರದೆಂಬುದು ಕೂಟದ ಕಟ್ಟಳೆ. ವಟಗುಟ್ಟುವ ಕಪ್ಪೆಯೂ ಉಸಿರು ಬಿಗಿಹಿಡಿದು ಕಾಯಿತು.

"ಮಾತು ಹೋಗಲಿ ಬಿಡಿ. ಮೀನುಗಳು ಏಳುವ ಮೊದಲು ನೀರು ಒಮ್ಮೆ ಸಣ್ಣಗೆ ಅಲುಗಿ ಮೈಮುರಿಯುತ್ತಿತ್ತು. ಅಷ್ಟೇ ನನ್ನ ಕಥೆ."

ಏಡಿ ಕೆಳಗೆ ಇಣುಕಿತು. "ಅಜ್ಜೀ, ಇಲ್ಲೂ ನೀರು ಮೈಮುರಿಯುತ್ತಿದೆ! ಹುಟ್ಟಿದಾಗಿನಿಂದ ಇಲ್ಲೇ ಇದ್ದೇನೆ, ಇವತ್ತೇ ಕಂಡೆ!"

ಎಲ್ಲರೂ ಬಗ್ಗಿ ನೋಡಿದರು. ತಾನಾಡಿದ್ದು ಕಣ್ಣೆದುರೇ ನಡೆಯುವುದನ್ನು ಕಂಡ ಅಜ್ಜಿಯ ಕೊರಳು ಚಿಪ್ಪಿನಿಂದ ಪೂರ್ತಿ ಹೊರಬಂತು.

"ಪುಟ್ಟೀ," ಎಂದು ಮೊಮ್ಮಗಳನ್ನು ಕರೆದಳು, "ಈ ಕಲ್ಲಿನ ಪಾಚಿಯ ಮೇಲೆ ಉಗುರಿನಿಂದ ನಮ್ಮ ಕೆರೆಯ ಈ ಕಥೆಯನ್ನು ಬರೆದಿಡು."