ಬಿಡದವ್ವನ ದಿಬ್ಬ

ಸೂಡಿಹಾಳದ ಬಸ್ಸು ನಿಲ್ಲುವ ಕಟ್ಟೆಯಿಂದ ಪಡುವಣಕ್ಕೆ ಕರಿಮಣ್ಣಿನ ಎರಡು ಎರಿಹೊಲ ದಾಟಿದರೆ ಹಿರೇಹಳ್ಳದ ದಂಡೆ ಸಿಗುತ್ತದೆ. ದಂಡೆಯ ಮೇಲೆ ಆಳೆತ್ತರದ ಒಂದು ಮಣ್ಣಿನ ದಿಬ್ಬ, ಅದರ ಮೇಲೆ ಬಾಗಿಲಿಲ್ಲದ ಒಂದು ಪುಟ್ಟ ಗುಡಿ, ಗುಡಿಗೆ ಒರಗಿಕೊಂಡು ಬೆಳೆದ ಒಂದು ಬೇವಿನ ಮರ. ಇದಕ್ಕೆ ಬಿಡದವ್ವನ ದಿಬ್ಬ ಎಂದು ಹೆಸರು. ಈಚೆಗೆ ಯಾರೋ ಪುಣ್ಯಾತ್ಮರು ಅಲ್ಲೊಂದು ತಗಡಿನ ಫಲಕ ನೆಟ್ಟು, 'ಬೇಡಿದ್ದನ್ನು ಕೊಡದೆ ಬಿಡದ ತಾಯಿ' ಎಂದು ಕೆಂಪು ಬಣ್ಣದಲ್ಲಿ ಬರೆಸಿದ್ದಾರೆ. ಅದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆಕೆ ಯಾರಿಗೂ ಏನನ್ನೂ ಕೊಟ್ಟವಳಲ್ಲ. ಹಿಡಿದುಕೊಂಡವಳು, ಹಿಡಿದುಕೊಂಡೇ ಕೆಟ್ಟವಳು. ನಾನು ಅಂಬಿಗೇರ ತಿರಕಪ್ಪ, ನನಗೀಗ ಎಪ್ಪತ್ತೆಂಟು. ಕಥೆ ನಮ್ಮ ಮನೆತನದ್ದೇ. ಹೇಳಿಕೊಳ್ಳಲು ಹೆಮ್ಮೆಯೇನೂ ಇಲ್ಲ, ಆದರೆ ತಗಡಿನ ಸುಳ್ಳು ಉಳಿದು ನಿಜ ಮಣ್ಣಾಗಬಾರದೆಂದು ಬರೆಯುತ್ತಿದ್ದೇನೆ.

ಜೋಕುಮಾರನ ಸಂಗತಿ ತಿಳಿಯದವರಿಗೆ ಮೊದಲು ಅದನ್ನು ಹೇಳಬೇಕು. ಭಾದ್ರಪದದಲ್ಲಿ ಗಣಪ ಬಂದು ಹೋದ ಮೇಲೆ ಜೋಕುಮಾರ ಹುಟ್ಟುತ್ತಾನೆ. ಗಣಪ ಕಡುಬು ಉಂಡು ಕೈಲಾಸಕ್ಕೆ ಹೋಗಿ, 'ಭೂಲೋಕದಾಗ ಎಲ್ಲಾ ಚಲೋ ಐತಿ' ಎಂದು ಶಿವನಿಗೆ ಹೇಳಿಬಿಡುತ್ತಾನೆ. ಉಂಡವನು ಇನ್ನೇನು ಹೇಳಿಯಾನು! ಜೋಕುಮಾರ ಹಾಗಲ್ಲ. ಏಳು ದಿನ ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಕೂತು ಮನೆಮನೆ ತಿರುಗುತ್ತಾನೆ, ಬಾಡಿದ ಪೈರು ನೋಡುತ್ತಾನೆ, ಬತ್ತಿದ ಬಾವಿ ನೋಡುತ್ತಾನೆ. ಹೆಣ್ಣುಮಕ್ಕಳು ಅವನ ತುಟಿಗೆ ಬೆಣ್ಣೆ ಸವರುತ್ತಾರೆ. ಹುಣ್ಣಿಮೆಯ ದಿನ ಅವನನ್ನು ಕೊಲ್ಲಬೇಕು. ಸತ್ತರೇನೇ ಅವನು ಮೇಲೆ ಹೋಗುವುದು, ಹೋದರೇನೇ ನಮ್ಮ ಕಷ್ಟ ಶಿವನ ಕಿವಿಗೆ ಮುಟ್ಟುವುದು, ಮುಟ್ಟಿದರೇನೇ ಮಳೆಗಾಲ ತನ್ನ ಕೆಲಸ ಮುಗಿಸಿ ಸುಗ್ಗಿಗೆ ದಾರಿ ಬಿಡುವುದು ಎನ್ನುತ್ತಾರೆ. ನಮ್ಮೂರಲ್ಲಿ ಅವನನ್ನು ಮಣ್ಣಿನಲ್ಲಿ ಮಾಡುವ ಹಕ್ಕು ಅಂಬಿಗೇರ ಮನೆಯ ಹೆಣ್ಣುಮಗಳದು. ಯಾವ ಕೈ ಮಾಡಿತೋ ಅದೇ ಕೈ ಒನಕೆ ಹಿಡಿದು ಮುರಿಯಬೇಕು. ಹೊಡೆಯುವಾಗ ಉಳಿದವರೆಲ್ಲ ಬೆನ್ನು ತಿರುಗಿಸಿ ನಿಲ್ಲಬೇಕು. ಸಾಯುವಾಗ ಅವನು ನರಳುವುದು ಹಳ್ಳದ ದಂಡೆಯ ಮಡಿವಾಳರಿಗೆ ಮಾತ್ರ ಕೇಳಿಸುತ್ತದೆ. ಅದಕ್ಕೇ ಅವರು ಮೂರು ದಿನ ಸೂತಕವೆಂದು ಒಗೆಯುವ ಕಲ್ಲು ಮುಟ್ಟುವುದಿಲ್ಲ.

ಹಿಂದೆ ಒಮ್ಮೆ, ಎಷ್ಟು ತಲೆಮಾರಿನ ಮಾತೋ ನನಗೂ ಲೆಕ್ಕ ಸಿಗದು, ಈ ಹಕ್ಕು ಬಾಳವ್ವ ಎಂಬವಳ ಕೈಗೆ ಬಂದಿತ್ತು. ಗಂಡ ಹಳ್ಳದ ಪ್ರವಾಹದಲ್ಲಿ ಹರಗೋಲಿನ ಸಮೇತ ಹೋದವನು. ಹೆತ್ತ ಐದರಲ್ಲಿ ನಾಲ್ಕು ತೊಟ್ಟಿಲಲ್ಲೇ ಹೋಗಿದ್ದವು. ಉಳಿದವನು ಒಬ್ಬನೇ, ಸೋಮಣ್ಣ. ಏಳು ವರ್ಷದವನು, ಎಡಗಿವಿ ತುದಿಯಲ್ಲಿ ತುಸು ಮಡಚಿಕೊಂಡಿತ್ತು, ಊರವರು ಅದನ್ನು ಹಿಡಿದೆಳೆದು ಅವನನ್ನು ಕಾಡುತ್ತಿದ್ದರು. ಆ ವರ್ಷದ ಶ್ರಾವಣದಲ್ಲಿ ಅವನಿಗೆ ಜ್ವರ ಬಂತು. ನಾಲ್ಕನೆಯ ದಿನ ಬಾಳವ್ವ ಅವನನ್ನು ತನ್ನ ಕೈಯಾರೆ ಮಣ್ಣಿಗಿಟ್ಟು ಬಂದಳು. ಅಯ್ಯೋ, ದೇವರು ಕಿತ್ತುಕೊಳ್ಳುವುದಾದರೆ ಹುಟ್ಟಿದಂದೇ ಕಿತ್ತುಕೊಳ್ಳಬಾರದೆ? ಏಳು ವರ್ಷ ರುಚಿ ತೋರಿಸಿ ತಟ್ಟೆ ಎಳೆದುಕೊಂಡರೆ ಅದನ್ನು ಏನೆನ್ನಬೇಕು? ಮನೆಯಲ್ಲಿ ಆಗ ಇದ್ದವಳು ತಂಗಿ ನೀಲವ್ವ ಒಬ್ಬಳೇ. ತಾಯಿ ಇಲ್ಲದ ಹುಡುಗಿ, ಅಕ್ಕನ ಮನೆಯನ್ನೇ ತವರೆಂದುಕೊಂಡು ಚೊಚ್ಚಲ ಹೆರಿಗೆಗೆ ಬಂದಿದ್ದಳು.

ತಿಂಗಳು ತುಂಬುವುದರೊಳಗೆ ಭಾದ್ರಪದ ಬಂತು. ಈ ಸಲ ಬೇರೆಯವರು ಮಾಡಲಿ ಎಂದು ಊರ ಹಿರಿಯರು ಹೇಳಿದರಂತೆ. ಬಾಳವ್ವ ಒಪ್ಪಲಿಲ್ಲ. ಮಣ್ಣು ತಂದಳು, ನೆನೆಸಿದಳು, ಬಾಗಿಲು ಹಾಕಿಕೊಂಡು ಕೂತಳು. ಅಷ್ಟಮಿಯ ದಿನ ಬುಟ್ಟಿ ಹೊತ್ತು ಹೊರಗೆ ಬಂದಾಗ ಹೆಣ್ಣುಮಕ್ಕಳೆಲ್ಲ ಸುತ್ತ ನೆರೆದರು. ಜೋಕುಮಾರನೆಂದರೆ ಅಗಲ ಕಣ್ಣು, ಹುರಿ ಮೀಸೆ, ಹರೆಯದ ಸೊಕ್ಕು. "ಏನ ಬಾಳವ್ವಾ, ನಮ್ಮ ಜೋಕಪ್ಪಗ ಮೀಸೀನ ಬಂದಿಲ್ಲಲ್ಲ! ಹಿಂಗಾದರ ಯಾವಾಕಿ ಹೆಣ್ಣು ಕೊಡತಾಳ?" ಎಂದು ಒಬ್ಬಳು ನಗೆಯಾಡಿದಳು. ಅಷ್ಟರಲ್ಲಿ ಅವಳ ಕಣ್ಣು ಎಡಗಿವಿಯ ಮೇಲೆ ಬಿತ್ತು. ಮಣ್ಣಿನ ಕಿವಿ ತುದಿಯಲ್ಲಿ ಮಡಚಿಕೊಂಡಿತ್ತು. ಆಮೇಲೆ ಯಾರೂ ನಗಲಿಲ್ಲ, ಯಾರೂ ಏನೂ ಕೇಳಲಿಲ್ಲ. ಪ್ರತಿ ಮನೆಯಲ್ಲೂ ಎರಡು ಬೆರಳಿನ ಬದಲು ಹಿಡಿ ತುಂಬ ಬೆಣ್ಣೆ ತಂದು ಆ ತುಟಿಗೆ ಹಚ್ಚಿದರು. ಊರಿನ ತಪ್ಪೂ ಇದರಲ್ಲಿದೆ ಎಂದು ನಾನು ಹೇಳುವುದು ಇದಕ್ಕೇ. ಅಂದೇ ಯಾರಾದರೂ ಗಟ್ಟಿಯಾಗಿ ಮಾತಾಡಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ಹುಣ್ಣಿಮೆಯ ಸಂಜೆ, ಹೊತ್ತು ಮುಳುಗುವ ಮುಂಚೆ, ಬಾಳವ್ವ ಸೊಪ್ಪು ಮುಚ್ಚಿದ ಬುಟ್ಟಿಯನ್ನು ಹಳ್ಳಕ್ಕೆ ಒಯ್ದಳು. ಎಲ್ಲರೂ ಬೆನ್ನು ತಿರುಗಿಸಿದರು. ಮೂರು ಏಟು ಬಿದ್ದವು. ಸೊಪ್ಪಿನ ಕೆಳಗೆ ಇದ್ದದ್ದು ಬರೀ ಹಸಿಮಣ್ಣಿನ ಮುದ್ದೆ. ಮಗನ ಮುಖದ ಜೋಕುಮಾರ ಅವಳ ಮನೆಯಂಗಳದ ಬರಿದಾದ ಹಗೇವಿನಲ್ಲಿ, ಜೋಳ ತುಂಬಿಡುವ ಆ ನೆಲದೊಳಗಿನ ಕಣಜದಲ್ಲಿ, ಹುಲ್ಲಿನ ಮೇಲೆ ಮಲಗಿದ್ದ. ದಿನಾ ಬೆಳಗಾದರೆ ಅವಳು ಬಾಯಿಗಲ್ಲು ಸರಿಸಿ, ಒಳಗಿನ ಗಾಳಿ ಕೆಟ್ಟಿಲ್ಲವೆಂದು ದೀಪ ಇಳಿಬಿಟ್ಟು ನೋಡಿ, ತಾನೂ ಇಳಿಯುತ್ತಿದ್ದಳು. ಒಳಗೆ ಏನು ಮಾತಾಡುತ್ತಿದ್ದಳೋ ಯಾರಿಗೆ ಗೊತ್ತು.

ಮೊದಲ ವಾರ ಊರಿಗೆ ಏನೂ ತಿಳಿಯಲಿಲ್ಲ. ಆಮೇಲೆ ಹೆಪ್ಪು ಹಾಕಿದ ಹಾಲು ಮೊಸರಾಗಲಿಲ್ಲ. ಕಾವಿಗೆ ಕೂತ ಕೋಳಿ ಕೂತೇ ಇತ್ತು, ಮೊಟ್ಟೆ ಒಡೆಯಲಿಲ್ಲ. ಉತ್ತರಾ ಮಳೆ ತೀರಿ ಹಸ್ತಾ ಬಂತು, ಹಸ್ತಾ ತೀರಿ ಚಿತ್ತಾ ಬಂತು, ಪಂಚಾಂಗದಲ್ಲಿ ಮಾತ್ರ. ಆಕಾಶದಲ್ಲಿ ಅದೇ ಬೂದಿ ಮೋಡ, ಅದೇ ಜಿಟಿಜಿಟಿ ಹನಿ. ಜೋರಾಗಿ ಸುರಿಯಲೂ ಇಲ್ಲ, ಮೋಡ ಹರಿದು ಹೊಳವೂ ಆಗಲಿಲ್ಲ. ಮುಂಗಾರಿ ಜೋಳ ಹೊಡೆಗೆ ಬಂದು ನಿಂತದ್ದು ನಿಂತೇ ಇತ್ತು, ತೆನೆ ಹೊರಬೀಳಲಿಲ್ಲ. ಸೀಗೆ ಹುಣ್ಣಿಮೆ ಬಂದಾಗ ಬಸುರಿ ಭೂಮಿಗೆ ಬಯಕೆಯ ಊಟವೆಂದು ಎಂದಿನಂತೆ ಹೊಲದಲ್ಲಿ ಚರಗ ಚೆಲ್ಲಿದರು. ಚೆಲ್ಲಿದ ಅನ್ನ ಮಣ್ಣಿನ ಮೇಲೆ ಬಿದ್ದಂತೆಯೇ ಬಿದ್ದಿತ್ತು. ಇರುವೆ ಕೂಡ ಮುಟ್ಟಲಿಲ್ಲ. ಗಬ್ಬದ ಆಕಳು ಈಯಲಿಲ್ಲ. ಗೌಡರ ಮನೆಯ ಮುದುಕ ಗಂಟಲಲ್ಲಿ ಜೀವ ಹಿಡಿದುಕೊಂಡು ಒದ್ದಾಡುತ್ತಿದ್ದ. ಬಾಯಿಗೆ ನೀರು ಬಿಟ್ಟು ಬಿಟ್ಟು ಸೊಸೆಯಂದಿರ ಕೈ ಸೋತವು, ಅವನ ಉಸಿರು ಮಾತ್ರ ಹೋಗಲಿಲ್ಲ. ಸಾವು ನಿಂತರೆ ಸುಖ ಎಂದುಕೊಳ್ಳುವವರು ಆ ಮುದುಕನನ್ನು ನೋಡಬೇಕಾಗಿತ್ತು. ನೀಲವ್ವನಿಗೆ ಹತ್ತನೆಯ ತಿಂಗಳು ಕಳೆಯಿತು. ಅವಳ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿತ್ತು, ನೋವು ಬರಲಿಲ್ಲ.

ಕಾರಣ ಮೊದಲು ಹೊಳೆದದ್ದು ಮಡಿವಾಳರ ಹಿರಿಯ ಹೊಳೆಯಪ್ಪನಿಗೆ. ಒಂದು ಮಧ್ಯಾಹ್ನ ಅವನು ಬಾಳವ್ವನ ಅಂಗಳಕ್ಕೆ ಬಂದು ಹಗೇವಿನ ಕಲ್ಲಿನ ಮೇಲೇ ಕೂತ.

"ತಂಗೀ, ನಮ್ಮಜ್ಜ ಕೇಳಿದ್ದ, ನಮ್ಮಪ್ಪ ಕೇಳಿದ್ದ, ನಾ ಮೂವತ್ತು ವರ್ಷ ಕೇಳೀನಿ ಅಂವ ನರಳೋದು. ಈ ವರ್ಷ ಕಿವಿಗೆ ಬೀಳಲಿಲ್ಲ. ವಯಸ್ಸಾತು, ಕಿವಿ ಮಂದಾದವು ಅಂದ್ಕೊಂಡು ಸುಮ್ಮನಾಗಿದ್ದೆ. ಕಿವಿ ಬರೋಬ್ಬರಿ ಅದಾವ. ಅಂವ ಸತ್ತಿಲ್ಲ."

ಬಾಳವ್ವ ಸುಳ್ಳು ಹೇಳಲಿಲ್ಲ. "ಹೌದಣ್ಣಾ, ಸತ್ತಿಲ್ಲ. ನೀ ಕುಂತ ಕಲ್ಲಿನ ಕೆಳಗ ಅದಾನ."

"ಊರು ಕೊಳೀಲಿಕ್ಕೂ ಆಗದ ಬೆಳೀಲಿಕ್ಕೂ ಆಗದ ನಿಂತೈತಿ, ನೋಡು. ಮಾಡಿದ ಕೈಯೇ ಮುರೀಬೇಕು. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ, ನಿನ್ನ ಕಾಲಿಗೆ ಬೀಳತೀನಿ, ಕಳಿಸಿಬಿಡು ಅವನ್ನ. ಮುಂದಿನ ವರ್ಷ ಮತ್ತ ಬಂದೇ ಬರತಾನ."

"ಅಂವ ಬರತಾನ. ಮಳಿ ಬರತದ, ಬಿಸಲ ಬರತದ, ಸುಗ್ಗಿ ಬರತದ. ಹೋದದ್ದೆಲ್ಲಾ ತಿರುಗಿ ಬರತದ ನಿಮ್ಮ ದೇವರ ರಾಜ್ಯದಾಗ. ನನ್ನ ಸೋಮಣ್ಣ ಬರತಾನೇನು? ಹೇಳು, ಬರತಾನೇನು?"

ಹೊಳೆಯಪ್ಪ ಆ ಕಲ್ಲಿನ ಮೇಲಿಂದ ಎದ್ದು ನಿಂತ. ಋತುಗಳು ತಿರುಗಿ ಬರುವುದನ್ನು ನೋಡಿ ನಮ್ಮ ಹಿರಿಯರು ದೇವರುಗಳನ್ನು ಕಟ್ಟಿಕೊಂಡರು, ಸತ್ತು ಹುಟ್ಟುವ ದೇವರು, ಬಸುರಿಯಾಗುವ ಭೂಮಿ ಎಂದೆಲ್ಲ. ಪೈರಿಗೆ ಆ ಮಾತು ಸರಿ. ಮನುಷ್ಯನಿಗೆ ಅದರಿಂದ ಸಿಗುವ ಸಮಾಧಾನ ಏನೆಂಬುದು ಎಪ್ಪತ್ತೆಂಟು ಸಲ ಭಾದ್ರಪದ ಕಂಡರೂ ನನಗೆ ತಿಳಿದಿಲ್ಲ.

"ಒಮ್ಮೆ ಈ ಕೈಲೇ ಮಣ್ಣಿಗೆ ಇಟ್ಟೀನಿ. ಎರಡನೇ ಸಲ ನನ್ನಿಂದ ಆಗಂಗಿಲ್ಲ" ಎಂದು ಬಾಳವ್ವ ಒಳಗೆ ಹೋದಳು. ಹೊಳೆಯಪ್ಪ ಕೊಟ್ಟ ಮಾತಿನಂತೆ ಬಾಯಿ ಬಿಡಲಿಲ್ಲ. ಹಾಗೆ ಇನ್ನೂ ಹದಿನೈದು ದಿನ ಹೋದವು.

ನೀಲವ್ವ ಹೊಸಿಲ ಒಳಗೆ ಮಲಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆದರೂ ಅಕ್ಕನಿಗೆ ಒಂದು ಮಾತು ಆಡಲಿಲ್ಲ. ಸೋಮಣ್ಣನನ್ನು ಎತ್ತಿ ಆಡಿಸಿದವಳು ಅವಳೂ ಅಲ್ಲವೆ? ಏಳನೆಯ ವಾರ ಒಂದು ಮುಂಜಾನೆ ಮಾತ್ರ ಗೋಡೆ ಹಿಡಿದು ಎದ್ದು ಬಂದು ಒಲೆಯ ಮುಂದೆ ಕೂತಿದ್ದ ಅಕ್ಕನ ಹೆಗಲು ಮುಟ್ಟಿದಳು. "ಅಕ್ಕಾ, ನಿನ್ನಿಯಿಂದ ಕೂಸು ಮಿಸುಕಾಡವಲ್ದು" ಎಂದಳು. ಬೈಯಲಿಲ್ಲ, ಅಳಲೂ ಇಲ್ಲ.

ಬಾಳವ್ವ ಎದ್ದು ಹಗೇವಿಗೆ ಇಳಿದಳು. ದೀಪದ ಬೆಳಕಿನಲ್ಲಿ ಮಣ್ಣಿನ ಮಗ ಮೊದಲ ದಿನದಂತೆಯೇ ಇದ್ದ. ಒಂದು ಬಿರುಕಿಲ್ಲ, ಕಿವಿಯ ಮಡಿಕೆ ಸವೆದಿಲ್ಲ, ತುಟಿಯ ಮೇಲಿನ ಬೆಣ್ಣೆ ಏಳು ವಾರವಾದರೂ ಹುಳಿತಿಲ್ಲ. ಅವಳು ಅವನನ್ನು ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಮೇಲೆ ಬಂದಳು. ಒನಕೆ ತೆಗೆದುಕೊಂಡು ಊರ ನಡುವಿನ ಬೀದಿಯಲ್ಲೇ ನಡೆದಳು. ಜನ ಬಾಗಿಲಿಗೆ ಬಂದು ನೋಡಿದರು. ನೋಡಿದವರಿಗೆ ಎಲ್ಲ ತಿಳಿಯಿತು, ಹಿಂದೆಯೇ ಹಳ್ಳಕ್ಕೆ ಹೋದರು. ಆ ದಿನ ಯಾರೂ ಬೆನ್ನು ತಿರುಗಿಸಲಿಲ್ಲ. ಅವಳು ಮಣ್ಣಿನ ಮುಖಕ್ಕೆ ಸೊಪ್ಪು ಮುಚ್ಚಲೂ ಇಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಒಂದೇ ಏಟು ಸಾಕಾಯಿತು. ಆಗೊಂದು ನರಳಾಟ ಎಲ್ಲರಿಗೂ ಕೇಳಿಸಿತು. ಅದು ಜೋಕುಮಾರನದೆಂದು ಕೆಲವರು, ಬಾಳವ್ವನದೆಂದು ಕೆಲವರು. ಹೊಳೆಯಪ್ಪನನ್ನು ಕೇಳಿದರೆ ಅವನು ತಲೆ ತಗ್ಗಿಸಿ ಎದ್ದು ಹೋಗುತ್ತಿದ್ದನಂತೆ.

ಏಳು ವಾರ ತಡೆದಿದ್ದ ಕಾಲ ಒಂದೇ ದಿನದಲ್ಲಿ ನುಗ್ಗಿ ಬಂತು. ಮೂಡಣದಿಂದ ಒಣ ಚಳಿಗಾಳಿ ಬೀಸಿ ಮೋಡ ಹರಿದು ಬಿಸಿಲು ಬಿತ್ತು. ಹೊಲದಲ್ಲಿ ತೆನೆ ಹೊರಬಿದ್ದವು, ಕೊಟ್ಟಿಗೆಗಳಲ್ಲಿ ಕರುಗಳು ಹುಟ್ಟಿದವು. ಗೌಡರ ಮುದುಕ ನಡುಮಧ್ಯಾಹ್ನ ತಣ್ಣಗಾದ. ನೀಲವ್ವನಿಗೆ ನೋವು ಬಂತು. ಏಳು ವಾರದ ನೋವೆಲ್ಲ ಒಟ್ಟಿಗೆ ಬಂದರೆ ಯಾವ ಒಡಲು ತಡೆದೀತು? ಸಂಜೆ ದೀಪ ಹಚ್ಚುವ ಹೊತ್ತಿಗೆ ಕೂಸು ಅತ್ತಿತು, ಅದರ ದನಿ ಕೇಳಿದ ಮೇಲೆ ತಾಯಿ ಕಣ್ಣು ಮುಚ್ಚಿದಳು. ಗಂಡು ಕೂಸು. ಆ ಕೂಸಿನ ವಂಶದವನು ನಾನು.

ಸೂಲಗಿತ್ತಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ತಂದು, "ಹಿಡಿಯವ್ವಾ, ಇನ್ನ ಇದಕ್ಕ ನೀನೇ ತಾಯಿ" ಎಂದಳು. ಬಾಳವ್ವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಸರಿದಳು. "ಬ್ಯಾಡ. ನಾ ಹಿಡದರ ಬಿಡಂಗಿಲ್ಲ" ಎಂದಳು. ಎಷ್ಟು ಹೇಳಿದರೂ ಕೈ ಮುಂದೆ ಬರಲಿಲ್ಲ. ಕೊನೆಗೆ ಹೊಳೆಯಪ್ಪನ ಸೊಸೆ ತನ್ನ ಮಗುವಿನ ಜೊತೆಗೆ ಇದಕ್ಕೂ ಹಾಲು ಕೊಟ್ಟಳು. ಇಂದಿಗೂ ನಮ್ಮ ಮನೆಯ ಮದುವೆಯಲ್ಲಿ ಮೊದಲ ಉಡುಗೊರೆ ಮಡಿವಾಳರ ಮನೆಗೇ ಹೋಗುತ್ತದೆ. ಬಾಳವ್ವ ಊರು ಬಿಟ್ಟು ಹಳ್ಳದ ದಂಡೆಯ ದಿಬ್ಬದ ಮೇಲೆ ಗುಡಿಸಲು ಹಾಕಿಕೊಂಡಳು. ಹಿಡಿದದ್ದನ್ನು ಬಿಡದೆ ತಂಗಿಯನ್ನು ತಿಂದವಳೆಂದು ಊರು ಅವಳನ್ನು ಬಿಡದವ್ವ ಎಂದು ಕರೆಯಿತು. ಬೈಗುಳವಾಗಿ ಹುಟ್ಟಿದ ಹೆಸರು ಅದು. ಕೂಸು ನಡೆಯಲು ಕಲಿತ ಮೇಲೆ ಓಡೋಡಿ ದಿಬ್ಬಕ್ಕೆ ಹೋಗುತ್ತಿತ್ತು. 'ದೊಡ್ಡವ್ವಾ, ಎತ್ತಿಕೋ' ಎಂದು ಎದುರು ನಿಂತು ಹಟ ಮಾಡುತ್ತಿತ್ತು. ಅವಳು ಕೈ ಹಿಂದೆ ಕಟ್ಟಿಕೊಂಡು ಅದನ್ನು ನೋಡುತ್ತಿದ್ದಳು. ಹತ್ತಿರ ಬಂದಷ್ಟೂ ಹಿಂದೆ ಸರಿಯುತ್ತಿದ್ದಳು. ಸಾಯುವವರೆಗೆ ಒಂದು ಸಲವೂ ಅವನನ್ನು ಮುಟ್ಟಲಿಲ್ಲ.

ಅವನು ಬೆಳೆದು ದೊಡ್ಡವನಾಗಿ, ಅವಳು ಹೋದ ಮೇಲೆ, ದಿಬ್ಬದ ಮೇಲೆ ಕಲ್ಲು ನಿಲ್ಲಿಸಿ ಈ ಗುಡಿ ಕಟ್ಟಿಸಿದ. ಈಗ ಬರುವವರು ಸೀರೆ ತರುತ್ತಾರೆ, ಹಸಿರು ಬಳೆ ತರುತ್ತಾರೆ. ಸೀರೆ ಉಡಿಸುತ್ತಾರೆ, ಆಮೇಲೆ ಬಳೆ ಹಿಡಿದುಕೊಂಡು ತಬ್ಬಿಬ್ಬಾಗಿ ನಿಲ್ಲುತ್ತಾರೆ, ಏಕೆಂದರೆ ಕಲ್ಲಿನ ಹೆಂಗಸಿಗೆ ಹೆಗಲಿನಿಂದ ಕೆಳಗೆ ತೋಳುಗಳು ಹಿಂದಕ್ಕೆ ಹೋಗಿವೆ, ಮುಂದೆ ಕೈಗಳಿಲ್ಲ. ಕೆಲವರು ಗೋಡೆಯ ಸಂದಿಯಲ್ಲಿ ಇಣುಕಿ ಕಲ್ಲಿನ ಬೆನ್ನ ಕಡೆ ಹುಡುಕುತ್ತಾರೆ. ಅಲ್ಲಿ ಉಳಿ ತಾಗಿಯೇ ಇಲ್ಲ, ಬರೀ ಒರಟು ಕಲ್ಲು. ಕಲ್ಲುಕುಟಿಗ ಕೇಳಿದ್ದನಂತೆ, "ಹಿಂದಿನ ಕೈ ಹೆಂಗ ಕೆತ್ತಲಿ? ಬೆರಳು ಉದ್ದೋ, ಮೋಟೋ?" ಎಂದು. ಗುಡಿ ಕಟ್ಟಿಸಿದವನು ಹೇಳಿದನಂತೆ, "ನಾ ಆಕೀ ಕೈ ನೋಡೇ ಇಲ್ಲ."